ಹಿಟ್ಟಿನ ಜಿಗಿ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ತವರು ಹುನಗುಂದ ತಾಲ್ಲೂಕು. ಮದುವೆಯಾಗಿ ವಿಜಯಪುರಕ್ಕೆ ಬಂದು ನಾಲ್ಕು ವರ್ಷವಾಯಿತು. ನಾನು ಬಡಿಯುವ ಜೋಳದ ರೊಟ್ಟಿಯ ಅಂಚು ಒಡೆಯುತ್ತದೆ. ಅತ್ತೆಯವರು ಒಮ್ಮೆ "ಈಗಿನ ಹಿಟ್ಟಿಗೆ ಜಿಗಿಯೇ ಇಲ್ಲ" ಎನ್ನುತ್ತಾರೆ, ಇನ್ನೊಮ್ಮೆ "ಈಗಿನ ಹೆಣ್ಣುಮಕ್ಕಳಿಗೆ ಸೋಮಾರಿತನ" ಎನ್ನುತ್ತಾರೆ. ಮನೆಯಲ್ಲಿ ವಾರಕ್ಕೆ ಮೂರು ದಿನ ರೊಟ್ಟಿ, ಉಳಿದ ದಿನ ಅನ್ನ, ಚಪಾತಿ. ಅವಸರವಿದ್ದರೆ ಓಣಿಯ ರೊಟ್ಟಿ ಕೇಂದ್ರದಿಂದ ತರುತ್ತೇವೆ. ಬಡವರ ಊಟ ಎನಿಸಿಕೊಂಡಿದ್ದ ರೊಟ್ಟಿ ಈಗ ಹೋಟೆಲಿನಲ್ಲಿ ದುಬಾರಿ. ಇದಕ್ಕೆಲ್ಲ ಕಾರಣ ಯಾವುದು? ಬೀಜವೇ, ಗಿರಣಿಯೇ, ರೇಷನ್ ಅಕ್ಕಿಯೇ, ನಾವೇ?

ಉತ್ತರ: ತಂಗಿ, ಮೊದಲು ಆ ಸೋಮಾರಿತನದ ಮಾತನ್ನು ಬದಿಗಿಡೋಣ. ಧಾನ್ಯದ ಗುಣ ಅಳೆಯುವ ಕೆಲಸದಲ್ಲೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ಹೆಣ್ಣುಮಕ್ಕಳ ಮೈಗಳ್ಳತನದಿಂದ ರೊಟ್ಟಿ ಕಡಿಮೆಯಾಯಿತು ಎಂಬುದಕ್ಕೆ ಒಂದು ಪುರಾವೆಯನ್ನೂ ನಾನು ಕಂಡಿಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ನಿಮ್ಮ ರೊಟ್ಟಿಯ ಅಂಚು ಒಡೆಯುವುದಕ್ಕೆ ನಿಮ್ಮ ಕೈಗಿಂತ ನಿಮ್ಮ ಹಿಟ್ಟೇ ಹೆಚ್ಚು ಕಾರಣ. ಆ ಹಿಟ್ಟು ಹೀಗಾಗುವುದರಲ್ಲಿ ನೀವು ಹೆಸರಿಸಿದ ಬೀಜ, ಗಿರಣಿ, ರೇಷನ್ ಮೂರಕ್ಕೂ ಪಾಲಿದೆ.

ಜಿಗಿ ಎಂದರೇನು ಎಂಬುದರಿಂದ ಶುರುಮಾಡುತ್ತೇನೆ. ಕಲಸಿದ ಹಿಟ್ಟು ಒಡೆಯದೆ ಒಂದಕ್ಕೊಂದು ಹಿಡಿದುಕೊಳ್ಳುವ ಅಂಟುಗುಣವೇ ಜಿಗಿ. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಎಳೆದಂತೆ ಹಿಗ್ಗುತ್ತದೆ. ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ನೀರು ತಾಗಿದೊಡನೆ ಬಲೆಯಂತೆ ಹೆಣೆದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದು ನೀರಿನಲ್ಲಿ ಕರಗುವುದೂ ಇಲ್ಲ, ಬಲೆ ಹೆಣೆಯುವುದೂ ಇಲ್ಲ. ಹಾಗಿದ್ದರೂ ಕಾಗದದಷ್ಟು ತೆಳುವಾಗಿ ರೊಟ್ಟಿ ಬಡಿಯಲು ಬರುವುದು ಎಸರಿನಿಂದ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಗಂಜಿಯಾಗುತ್ತವೆ. ಜೋಳದ ಪಿಷ್ಟ ಹೀಗೆ ಬೇಯಲು ಹೆಚ್ಚುಕಡಿಮೆ 70 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಎಲ್ಲ ಕಣಗಳೂ ಬೆಂದರೆ ಹಿಟ್ಟು ಮುದ್ದೆಯಾಗಿ ಕೈಗೆ ಅಂಟುತ್ತದೆ, ಯಾವುದೂ ಬೇಯದಿದ್ದರೆ ಮರಳಿನಂತೆ ಉದುರುತ್ತದೆ. ಒಂದು ಪಾಲು ಬೆಂದು ಅಂಟಾಗಬೇಕು, ಉಳಿದ ಪಾಲನ್ನು ಆ ಅಂಟು ಹಿಡಿದಿಡಬೇಕು. ಈ ಲೆಕ್ಕವನ್ನು ನಮ್ಮ ಕಡೆಯ ಹೆಂಗಸರು ಥರ್ಮಾಮೀಟರ್ ಇಲ್ಲದೆ ನೂರಾರು ವರ್ಷ ಸರಿಯಾಗಿ ಮಾಡಿಕೊಂಡು ಬಂದಿದ್ದಾರೆ.

ಹಂಚಿನ ಮೇಲೆ ನಡೆಯುವುದನ್ನೂ ಗಮನಿಸಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸುತ್ತೀರಲ್ಲ, ಅದು ಬರಿಯ ರೂಢಿಯಲ್ಲ. ಬಡಿಯುವಾಗ ಉದುರಿಸಿಕೊಂಡ ಒಣ ಹಿಟ್ಟು ಅದರಿಂದ ತೊಳೆದುಹೋಗುತ್ತದೆ, ಸಣ್ಣ ಬಿರುಕುಗಳು ಮುಚ್ಚುತ್ತವೆ. ನೀರು ಪೂರ್ತಿ ಆರುವ ಮುಂಚೆ ತಿರುವಿ ಹಾಕಿದರೆ ಎರಡೂ ಬದಿಗೆ ತೆಳುವಾದ ಪದರ ಕಟ್ಟುತ್ತದೆ, ಒಳಗಿನ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ರೊಟ್ಟಿ ಉಬ್ಬುತ್ತದೆ. ಒರೆಸುವುದು ಅರ್ಧ ನಿಮಿಷ ತಡವಾದರೆ ರೊಟ್ಟಿಗೆ ಬಿರುಕು ಬಿದ್ದು ಹಬೆ ಸೋರಿಹೋಗುತ್ತದೆ.

ಇನ್ನು ಬೀಜದ ಮಾತು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತನ್ನು ನಿಮ್ಮ ಅತ್ತೆಯವರಿಂದ ಕೇಳಿರುತ್ತೀರಿ. ಡೋಣಿ ನಿಮ್ಮ ಜಿಲ್ಲೆಯ ನದಿ. ಅದರ ಬಯಲಿನ ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯಲ್ಲಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೂ ಸರಿ, ಬಾರದಿದ್ದರೂ ಸರಿ. ಕಪ್ಪು ಮಣ್ಣು ಹಿಡಿದಿಟ್ಟ ತೇವವನ್ನು ಬೇರು ಆಳಕ್ಕಿಳಿದು ಹುಡುಕುತ್ತದೆ. ತೆನೆಯಲ್ಲಿ ಕಾಳು ಗಟ್ಟಿಯಾಗುವ ಹೊತ್ತಿಗೆ ಜನವರಿಯ ಒಣ ಹವೆ. ಮಳೆಗೆ ನೆನೆಯದ ಕಾಳು ಮುತ್ತಿನಂತೆ ಬೆಳ್ಳಗೆ ಹೊಳೆಯುತ್ತದೆ. ಇದೇ ಹಿಂಗಾರಿ ಜೋಳ. ಇದರಲ್ಲಿ ರಾಜನೆನಿಸಿಕೊಂಡದ್ದು ಮಾಲ್ದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ರೈತರ ನಾಟಿ ತಳಿಯಿಂದಲೇ ಆಯ್ದು ತೆಗೆದ ಎಂ 35-1 ಅದು. ಒಂದು ಬೆಳೆಯ ತಳಿ ಎಂಟು ದಶಕ ಮೀರಿ ರೈತರ ಹೊಲದಲ್ಲಿ ಉಳಿಯುವುದು ಅಪರೂಪ. ಇದು ಉಳಿದದ್ದು ರೊಟ್ಟಿಯ ದೆಸೆಯಿಂದ.

1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.-1 ಬಂದಿತು. ಅದರ ಒಂದು ಕಡೆಯ ಪೋಷಕ ತಳಿ ಅಮೆರಿಕದ್ದು. ದೇಶ ಹಡಗಿನಲ್ಲಿ ಬರುವ ಗೋಧಿಗಾಗಿ ಕಾಯುತ್ತಿದ್ದ ಕಾಲ. ಇಳುವರಿ ಹೆಚ್ಚಿಸಲೇಬೇಕಿತ್ತು, ಹೆಚ್ಚಿತು ಕೂಡ. ಆ ಕೆಲಸ ಮಾಡಿದ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ಎರಡು ಅಂಕಣಗಳು ಇರಲಿಲ್ಲ. ಮೊದಲನೆಯದು ಕಣಿಕೆ, ಅಂದರೆ ಜೋಳದ ದಂಟಿನ ಮೇವು. ಗಿಡ್ಡ ಹೈಬ್ರಿಡ್ಡಿನಲ್ಲಿ ಕಾಳು ಹೆಚ್ಚು, ಮೇವು ಕಡಿಮೆ. ನಮ್ಮ ರೈತನಿಗೋ ಜೋಳ ಎಂದರೆ ಮನೆಯವರಿಗೆ ರೊಟ್ಟಿ, ಎತ್ತಿಗೆ ಕಣಿಕೆ, ಎರಡೂ ಸೇರಿ ಒಂದು ಬೆಳೆ. ಬೇಸಗೆಯಲ್ಲಿ ಬಣವೆ ಬರಿದಾದ ಮನೆಯ ಎತ್ತು ಸಂತೆಗೆ ಹೋಗುತ್ತದೆ. ಎರಡನೆಯದು ಜಿಗಿ. ಮುಂಗಾರಿಯ ಹೈಬ್ರಿಡ್ ಬೇಗ ತೆನೆ ಬಿಟ್ಟು ಮಳೆಗಾಲ ಮುಗಿಯುವ ಮೊದಲೇ ಕಾಳು ಕಟ್ಟುತ್ತದೆ. ನೆನೆದ ತೆನೆಗೆ ಬೂಷ್ಟು ಹಿಡಿದು ಕಾಳು ಕಪ್ಪಾಗುತ್ತದೆ, ಕೆಲವೊಮ್ಮೆ ತೆನೆಯಲ್ಲೇ ಮೊಳೆಯುತ್ತದೆ. ಮೊಳೆಯಲು ಶುರುವಾದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು ಎದ್ದಿರುತ್ತವೆ. ಅಂಟಾಗಬೇಕಾದ ಪಿಷ್ಟವೇ ಒಡೆದರೆ ಜಿಗಿ ಎಲ್ಲಿಂದ ಬರಬೇಕು?

ನಮ್ಮ ಪ್ರಯೋಗಾಲಯಕ್ಕೆ ಹಿಟ್ಟಿನ ಪರೀಕ್ಷೆಗೆಂದು ಊರಿನ ಹಿರಿಯ ಹೆಣ್ಣುಮಗಳೊಬ್ಬರು ಬರುತ್ತಿದ್ದರು. ನಾವು ಹತ್ತು ತಳಿಗಳ ಹಿಟ್ಟಿಗೆ ಬರಿಯ ಸಂಖ್ಯೆ ಬರೆದ ಚೀಟಿ ಅಂಟಿಸಿ ಇಡುತ್ತಿದ್ದೆವು. ಅವರು ಪ್ರತಿಯೊಂದರಿಂದ ಒಂದು ಚಿಟಿಕೆ ತೆಗೆದು ಬಿಸಿ ನೀರಿನಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನಿಧಾನವಾಗಿ ಬಿಡಿಸುತ್ತಿದ್ದರು. "ಇದು ಅಂಚು ಬಿಡುತ್ತದೆ", "ಇದು ನಾಳೆಗೆ ಸೆಟೆಯುತ್ತದೆ", "ಇದು ನನ್ನ ತವರಿನ ಜೋಳದಂತಿದೆ" ಎನ್ನುತ್ತಿದ್ದರು. ಆಮೇಲೆ ಬಡಿದು, ಬೇಯಿಸಿ, ಮರುದಿನ ಮುರಿದು ನೋಡಿದರೆ ಅವರ ಮಾತು ತಪ್ಪಿದ್ದು ಬಹಳ ಕಡಿಮೆ. ಹಿಟ್ಟಿನ ಅಂಟು ಅಳೆಯುವ ನಮ್ಮ ಯಂತ್ರ ಅರ್ಧ ಗಂಟೆ ತಿರುಗಿ ಕೊಡುತ್ತಿದ್ದ ಗೆರೆಯನ್ನು ಅವರ ಬೆರಳು ಅರ್ಧ ನಿಮಿಷದಲ್ಲಿ ಓದುತ್ತಿತ್ತು. ನನ್ನ ವೃತ್ತಿಯಲ್ಲಿ ನಾನು ಕಲಿತ ದೊಡ್ಡ ಪಾಠವನ್ನು ಕಲಿಸಿದವರು ಅವರೇ. ವರದಿಯ ಪುಟಗಳಲ್ಲಿ ಮಾತ್ರ ಅವರ ಬೆರಳಿಗೆ ಜಾಗವಿರಲಿಲ್ಲ.

ಆ ಜಾಗ ಈಗ ಸ್ವಲ್ಪ ಸಿಕ್ಕಿದೆ. ವಿಜಯಪುರದ ಸಂಶೋಧನಾ ಕೇಂದ್ರದ ಬಿಜೆವಿ-44ರಂತಹ ಹಿಂಗಾರಿ ತಳಿಗಳನ್ನು ರೈತರು ತೂಗಿನೋಡುವುದು ಕಾಳು, ಕಣಿಕೆ, ರೊಟ್ಟಿ ಮೂರನ್ನೂ ಕೂಡಿಸಿ. ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲೂ ಹೈಬ್ರಿಡ್ ಜೋಳ, ಮಾಲ್ದಂಡಿ ಜೋಳ ಎಂದು ಎರಡು ಸಾಲುಗಳಿವೆ. ಆದರೆ 2023-24ರಲ್ಲಿ ಮೊದಲನೆಯದಕ್ಕೆ ಕ್ವಿಂಟಲಿಗೆ 3,180 ರೂಪಾಯಿ, ಎರಡನೆಯದಕ್ಕೆ 3,225. ನಿಮ್ಮ ಅತ್ತೆಯವರು ಕಂಡುಹಿಡಿಯುವ ವ್ಯತ್ಯಾಸಕ್ಕೆ ಪಟ್ಟಿ ಕಟ್ಟಿದ ಬೆಲೆ 45 ರೂಪಾಯಿ. ಇದು ತೀರ ಕಡಿಮೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಗಿರಣಿಗೆ ಬರೋಣ. ಜೋಳದ ಮೊಳಕೆಯ ಭಾಗದಲ್ಲಿ ಕೊಬ್ಬಿದೆ. ಕಾಳು ಇಡಿಯಾಗಿರುವಷ್ಟು ದಿನ ಅದಕ್ಕೆ ಏನೂ ಆಗುವುದಿಲ್ಲ. ಬೀಸಿದ ಕೂಡಲೇ ಕಿಣ್ವ, ಗಾಳಿ, ಕೊಬ್ಬು ಮೂರೂ ಒಂದಕ್ಕೊಂದು ತಾಗಿ ಹಿಟ್ಟು ಹಳಸಲು ಶುರುವಾಗುತ್ತದೆ. ಸಜ್ಜೆಯಲ್ಲಿ ಇನ್ನೂ ಬೇಗ. ಸಜ್ಜೆ ಹಿಟ್ಟು ಕಹಿಯಾಗುವುದು ನಿಮಗೂ ಗೊತ್ತಿರುತ್ತದೆ. ಅದಕ್ಕೇ ಹಿಂದೆ ಕಾಳನ್ನು ವರ್ಷಗಟ್ಟಲೆ ಇಡುತ್ತಿದ್ದರು, ಹಿಟ್ಟನ್ನು ಇಡುತ್ತಿರಲಿಲ್ಲ. ಕಾಳು ಇಡಲು ನೆಲದೊಳಗೆ ಹಗೇವು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತಿತ್ತು. ಹುಳಕ್ಕೆ ಬದುಕಲು ಗಾಳಿಯೇ ಇರುತ್ತಿರಲಿಲ್ಲ. ಹಗೇವು ತೆರೆದಾಗ ಮನುಷ್ಯ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಆ ಎಚ್ಚರ ತಪ್ಪಿ ಇಳಿದು ಸತ್ತವರೂ ಇದ್ದಾರೆ. ಇಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಾಳು ಕಾಪಾಡುವ ವಿಧಾನ ಹೊಸದಾಗಿ ಬಂದಿದೆ. ಅದರ ತತ್ವವೂ ಇದೇ.

ಬೀಸುವುದು ಹೆಂಗಸರ ಪಾಲಿಗೆ ಬಿದ್ದಿತ್ತು. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು ಆ ದಿನದ ಹಿಟ್ಟು ಬೀಸಬೇಕು. ಬೀಸುವ ಪದಗಳು ಚೆಂದ, ನಿಜ. ಆದರೆ ಅವು ಹುಟ್ಟಿದ್ದು ದಣಿವಿನಿಂದ. ಗಿರಣಿ ಬಂದಾಗ ನಮ್ಮ ಅವ್ವಂದಿರು ಆ ಪದಗಳನ್ನು ಬಿಟ್ಟುಕೊಟ್ಟು ಎರಡು ತಾಸಿನ ನಿದ್ದೆ ಪಡೆದರು. ಅದನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಜೊತೆಗೆ ಒಂದು ಹೊಸ ತೊಂದರೆಯೂ ಬಂದಿತು. ತಿಂಗಳಿಗೆ ಸಾಕಾಗುವಷ್ಟನ್ನು ಒಮ್ಮೆಗೇ ಬೀಸಿಸಿ, ಬಿಸಿಬಿಸಿ ಹಿಟ್ಟನ್ನು ಹಾಗೆಯೇ ಡಬ್ಬಿಗೆ ತುಂಬುವುದು ರೂಢಿಯಾಯಿತು. ಮೂರನೆಯ ವಾರದ ಹಿಟ್ಟಿಗೆ ಜಿಗಿ ಕಡಿಮೆ ಎಂದು ರೊಟ್ಟಿ ಬಡಿಯುವವರೆಲ್ಲ ಹೇಳುತ್ತಾರೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಆ ಡಬ್ಬಿಯ ಮೇಲೆಯೇ.

ರೇಷನ್ನಿನ ಮಾತು ಬಂದಾಗ ಜನ ಬಿಸಿಯಾಗುತ್ತಾರೆ, ಆದ್ದರಿಂದ ಎಚ್ಚರದಿಂದ ಹೇಳುತ್ತೇನೆ. ಈ ನೆಲ ಹಸಿವನ್ನು ಬಲ್ಲದು. 1872ರಲ್ಲಿ, ಇಂದಿನ ವಿಜಯಪುರ, ಬಾಗಲಕೋಟೆಗಳು ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಎಂಟು ಲಕ್ಷ ದಾಟಿತ್ತು. 1876-78ರ ಬರ ಕಳೆದು 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 6.4 ಲಕ್ಷ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು! ಅಂತಹ ನೆಲದಲ್ಲಿ 2013ರಲ್ಲಿ ಅನ್ನಭಾಗ್ಯದ ಅಕ್ಕಿ ಮನೆ ತಲುಪಿತು. ಅದನ್ನು ಹೀಗಳೆಯುವವರೊಡನೆ ನಾನು ಸೇರುವುದಿಲ್ಲ. ಅದೇ ವರ್ಷದ ಆಹಾರ ಭದ್ರತಾ ಕಾಯ್ದೆಯಲ್ಲಿ ಕಿಲೋ ಅಕ್ಕಿಗೆ 3, ಗೋಧಿಗೆ 2, ಜೋಳದಂತಹ ಧಾನ್ಯಕ್ಕೆ 1 ರೂಪಾಯಿ ಎಂದಿತ್ತು. ಕಾಗದದಲ್ಲಿ ಎಲ್ಲಕ್ಕಿಂತ ಅಗ್ಗವಾದ ಜೋಳ ಅಂಗಡಿಯಲ್ಲಿ ಎಲ್ಲಕ್ಕಿಂತ ಅಪರೂಪವಾಯಿತು. ಖರೀದಿ, ಗೋದಾಮು, ಸಾಗಣೆ ಎಲ್ಲವೂ ಅಕ್ಕಿ ಮತ್ತು ಗೋಧಿಯ ಸುತ್ತ ಕಟ್ಟಿದ ವ್ಯವಸ್ಥೆ. ಉತ್ತರದ ಜಿಲ್ಲೆಗಳಿಗೆ ಕೆಲವೊಮ್ಮೆ ಜೋಳ ಬಂದಿದೆ. ಬಂದದ್ದು ಮಾಲ್ದಂಡಿಯೇ ಆಗಿರಬೇಕೆಂದಿಲ್ಲ. ಅನ್ನಕ್ಕೆ ಎಸರು ಇಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ರೊಟ್ಟಿಗೆ ಒಂದೊಂದಾಗಿ ಬಡಿಯುತ್ತ ಒಲೆಯ ಮುಂದೆಯೇ ನಿಲ್ಲಬೇಕು. ಹೊಲದ ಕೂಲಿಯಿಂದ ಸಂಜೆ ಏಳಕ್ಕೆ ಮನೆಗೆ ಬಂದ ತಾಯಿ ಯಾವುದನ್ನು ಆರಿಸಿಕೊಳ್ಳಬೇಕು, ನೀವೇ ಹೇಳಿ.

ಹೊಲವೂ ಬದಲಾಯಿತು. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಹಿನ್ನೀರು ನಿಂತಾಗ ಹಳೆಯ ಬಾಗಲಕೋಟೆಯ ಓಣಿಗಳ ಜೊತೆಗೆ ನದಿ ದಂಡೆಯ ಒಳ್ಳೆಯ ಎರೆಯೂ ಮುಳುಗಿತು. ನೀರು ಸಿಕ್ಕ ಕಡೆ ಕಬ್ಬು ಬಂದಿತು. ಮುಧೋಳ, ಜಮಖಂಡಿ, ಗೋಕಾಕ, ಅಥಣಿಯ ಕಡೆ ಈಗ ಕಣ್ಣು ಹಾಯಿಸಿದಷ್ಟೂ ಅದೇ. ನೀರು ಸಿಗದ ಕಡೆ ಜೋಳದ ಜಾಗದಲ್ಲಿ ಕಡಲೆ. ಕಡಲೆಗೆ ಯಂತ್ರ ಬಂದಿದೆ. ಆಳೆತ್ತರ ಮೀರಿ ಬೆಳೆದು ಗಾಳಿಗೆ ಬೀಳುವ ಹಿಂಗಾರಿ ಜೋಳವನ್ನು ಕೀಳಲು, ತೆನೆ ಮುರಿಯಲು, ಸೂಡು ಕಟ್ಟಲು ಇಂದಿಗೂ ಕೈಯೇ ಬೇಕು. ಗಿಡ್ಡ ತಳಿ ತಂದರೆ ಯಂತ್ರ ನಡೆಯುತ್ತದೆ, ಕಣಿಕೆ ಹೋಗುತ್ತದೆ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಗೆ ಕಣಿಕೆಯ ಚಿಂತೆಯೂ ಇಲ್ಲ, ಜೋಳ ಬಿತ್ತುವ ಒಂದು ಕಾರಣವೂ ಅಲ್ಲಿಗೆ ಕಡಿಮೆಯಾಯಿತು.

ಜೋಳವನ್ನು ಪ್ರೀತಿಸುವವಳಾದರೂ ಒಂದು ಕಹಿ ಸತ್ಯವನ್ನು ಹೇಳಲೇಬೇಕು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಜೋಳ ಎಲ್ಲ ರೋಗಕ್ಕೂ ಮದ್ದು ಎಂಬಂತೆ ಮಾತನಾಡುವವರು ಹೆಚ್ಚಾಗಿದ್ದಾರೆ. 1960ರ ಸುಮಾರಿಗೆ ಹೈದರಾಬಾದಿನಲ್ಲಿ, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಕರೆಯುವ ಕಡೆ, ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ದಖ್ಖನ್ನಿನಲ್ಲಿ ಜೋಳವನ್ನೇ ಉಣ್ಣುತ್ತಿದ್ದ ಬಡವರಲ್ಲಿ ಪೆಲಾಗ್ರ ಎಂಬ ರೋಗವನ್ನು ಗುರುತಿಸಿದ್ದರು. ಬಿಸಿಲು ತಾಗಿದ ಕುತ್ತಿಗೆ, ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸು ಮಂಕಾಗುವುದು ಅದರ ಲಕ್ಷಣ. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದು ನಯಾಸಿನ್ ಜೀವಸತ್ವದ ಬಳಕೆಗೆ ಅಡ್ಡಿಯಾಗುತ್ತದೆ ಎಂದು ಅವರು ವಾದಿಸಿದರು. ಜೋಳದ ಜೊತೆಗೆ ಬೇರೇನೂ ಸಿಗದವರಿಗೆ ಬಂದ ರೋಗ ಅದು. ಹೆಸರುಕಾಳಿನ ಪಲ್ಯ, ಮೊಸರು, ಶೇಂಗಾ ಹಿಂಡಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಇರುವ ತಾಟಿನಲ್ಲಿ ಅದಕ್ಕೆ ಜಾಗವಿಲ್ಲ. ರೊಟ್ಟಿಯೊಂದನ್ನೇ ಹೊಗಳುವವರು ಆ ತಾಟನ್ನು ಮರೆಯುತ್ತಾರೆ. ಸಕ್ಕರೆ ಕಾಯಿಲೆಯವರಿಗೂ ನನ್ನ ಮಾತು ಇದೇ: ಬಿಳಿ ಅನ್ನಕ್ಕಿಂತ ರೊಟ್ಟಿ ಮೇಲು, ಆದರೆ ಐದು ರೊಟ್ಟಿ ಐದೇ. ಗ್ಲುಟೆನ್ ಆಗದವರು ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ತೊಂದರೆ ತಪ್ಪುವುದಿಲ್ಲ.

ಬೆಲೆಯ ಪ್ರಶ್ನೆಗೆ ಉತ್ತರ ನಿಮ್ಮ ಓಣಿಯಲ್ಲೇ ಇದೆ. ಹಳಗನ್ನಡದಲ್ಲಿ ಒಡೆಯನ ಅನ್ನದ ಋಣಕ್ಕೆ ಜೋಳವಾಳಿ ಎಂಬ ಮಾತಿತ್ತು. ಜೋಳ ಕೊಟ್ಟವನಿಗಾಗಿ ವೀರರು ಪ್ರಾಣ ಕೊಟ್ಟುದು ಶಾಸನಗಳಲ್ಲಿದೆ. ಆ ಜೋಳವನ್ನು ಬೀಸಿ, ಬಡಿದು, ಬೇಯಿಸಿದವಳ ಋಣವನ್ನು ಯಾರೂ ಬರೆದಿಡಲಿಲ್ಲ. ಹಿಂದೆ ರೊಟ್ಟಿ ಅಗ್ಗವಾಗಿದ್ದುದಕ್ಕೆ ಒಂದು ಕಾರಣ ಜೋಳ ಅಗ್ಗವಾಗಿತ್ತು ಎಂಬುದಾದರೆ, ದೊಡ್ಡ ಕಾರಣ ಕೈ ಪುಕ್ಕಟೆಯಾಗಿತ್ತು ಎಂಬುದು. ರೊಟ್ಟಿ ಕೇಂದ್ರದಲ್ಲಿ ಕುಳಿತ ಹೆಣ್ಣುಮಗಳು ಅದೇ ಕೆಲಸಕ್ಕೆ ಈಗ ಹಣ ಎಣಿಸಿಕೊಳ್ಳುತ್ತಾಳೆ. ಅವಳ ಕಡಕ್ ರೊಟ್ಟಿಯಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬೂಷ್ಟು ಬೆಳೆಯದೆ ವಾರಗಟ್ಟಲೆ ಇರುತ್ತದೆ, ಪುಣೆ, ಮುಂಬಯಿಗೂ ಹೋಗುತ್ತದೆ. ಅಲ್ಲಿಂದ ರೊಟ್ಟಿ ಕೊಂಡು ತರುವುದಕ್ಕೆ ನೀವು ನಾಚಬೇಕಿಲ್ಲ. ಯಂತ್ರದ ರೊಟ್ಟಿಯನ್ನೂ ನಾನು ದೂರುವುದಿಲ್ಲ. ಅದು ಒಂದೇ ದಪ್ಪಕ್ಕೆ ಒತ್ತುತ್ತದೆ, ಬಡಿಯುವ ಕೈಯಂತೆ ನಡು ದಪ್ಪ, ಅಂಚು ತೆಳು ಮಾಡಲಾರದು; ಬಿಸಿಯಾಗಿ ತಿಂದರೆ ವ್ಯತ್ಯಾಸ ಕಡಿಮೆ, ತಣ್ಣಗಾದ ಮೇಲೆ ತಿಳಿಯುತ್ತದೆ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದೊಡನೆ ಕುಟ್ಟಿ ಮುಟಗಿ ಮಾಡುವ ದಿನ ಮಾತ್ರ ಕೈಯಿಂದ ಬಡಿದದ್ದೇ ಇರಲಿ.

ಈಗ ನಿಮ್ಮ ಅಂಚಿನ ವಿಷಯ. ಈ ವರ್ಷದ ಹಿಂಗಾರಿ ಮಾಲ್ದಂಡಿ ಕೇಳಿ ತನ್ನಿರಿ. ಫೆಬ್ರುವರಿ, ಮಾರ್ಚಿನಲ್ಲಿ ಹೊಸ ರಾಶಿ ಪೇಟೆಗೆ ಬಂದಿರುತ್ತದೆ. ಹತ್ತು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಗಿರಣಿಯಿಂದ ತಂದ ಹಿಟ್ಟನ್ನು ಬಟ್ಟೆಯ ಮೇಲೆ ಹರಡಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಎಸರು ಗುಳುಗುಳು ಕುದಿಯುತ್ತಿರಲಿ. ಒಲೆಯಿಂದ ಇಳಿಸಿ ಮಾತನಾಡುತ್ತ ನಿಂತರೆ ಆ 70 ಡಿಗ್ರಿ ಹಿಟ್ಟಿಗೆ ಸಿಗುವುದಿಲ್ಲ. ಮೊದಲು ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು, ಕಟ್ಟಿಗೆಯಿಂದ ಕಲಸಿ, ಎರಡು ನಿಮಿಷ ಮುಚ್ಚಿಡಿ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಮಿದಿಯಿರಿ. ಉಂಡೆ ಮಾಡುವಾಗ ಪ್ರತಿ ಉಂಡೆಯನ್ನೂ ಮತ್ತೊಮ್ಮೆ ಮಿದಿಯಿರಿ, ಬಹಳ ಜನ ಬಿಡುವುದು ಇದನ್ನೇ.

ಇನ್ನೊಂದು ಕೆಲಸ ಮಾಡಿ. ಒಂದು ರವಿವಾರ ನಿಮ್ಮ ಡಬ್ಬಿಯ ಹಳೆಯ ಹಿಟ್ಟು, ಹೊಸದಾಗಿ ಬೀಸಿಸಿದ ಹಿಟ್ಟು ಎರಡನ್ನೂ ಒಂದೇ ಎಸರಿನಿಂದ ಎರಡು ಪರಾತದಲ್ಲಿ ಕಲಸಿಡಿ. ಯಾವುದು ಯಾವುದೆಂದು ಹೇಳದೆ ಅತ್ತೆಯವರನ್ನು ಕರೆದು ಕೈ ಇಟ್ಟು ನೋಡಲು ಹೇಳಿ. ಅವರು ಏನನ್ನುತ್ತಾರೆ, ಯಾವ ಬೆರಳಿನಿಂದ ಹೇಗೆ ಒತ್ತಿ ನೋಡಿದರು ಎಂಬುದನ್ನು ನನಗೆ ಬರೆದು ತಿಳಿಸಿ.